ಮೇಲಕ್ಕೇರುವ ಮುಂಗಾರು

ಮುಂಗಾರಿನ ಮಾತೆತ್ತಿದೊಡನೆ ನಮ್ಮ ಮನಸ್ಸು ಕೆಳಕ್ಕೆ ಸುರಿಯುವ ನೀರಿನ ಕಡೆಗೆ ಹರಿಯುವುದು ಸಹಜವೇ ಆದರೂ, ಆ ನೀರನ್ನು ಸುರಿಸುವ ಮೋಡದ ಒಡಲಲ್ಲಿ ಅದೇ ಹೊತ್ತಿಗೆ ನೆಲದ ಗಾಳಿಯು ತನ್ನ ಹೊಗೆ, ಆವಿಗಳನ್ನೆಲ್ಲ ಹೊತ್ತು ಊರ್ಧ್ವಮುಖವಾಗಿ ಧಾವಿಸುತ್ತಿರುತ್ತದೆಂಬುದು ಅಷ್ಟೇ ಗಮನಾರ್ಹವಾದ ಸಂಗತಿ. ನೀರಾವಿಯು ಹನಿಗಟ್ಟುವಾಗ ತನ್ನಲ್ಲಿ ಗುಪ್ತವಾಗಿದ್ದ ಶಾಖವನ್ನು ಸುತ್ತಲಿನ ಗಾಳಿಗೆ ಬಿಟ್ಟುಕೊಡುತ್ತದೆ. ಬೆಚ್ಚಗಾದ ಗಾಳಿ ಹಗುರವಾಗಿ ಇನ್ನೂ ಮೇಲೇರುತ್ತದೆ. ಆ ಶಾಖವೇ ಈ ಕಪಿಲೆಯನ್ನೆಳೆಯುವ ಎತ್ತು. ನಮ್ಮ ಆಗುಂಬೆಯ ಮಳೆ ಎಷ್ಟೇ ಘೋರವಾಗಿದ್ದರೂ ಪಶ್ಚಿಮಘಟ್ಟದ ಮುಂಗಾರು ಮೋಡಗಳು ಬಹುಮಟ್ಟಿಗೆ ಗಿಡ್ಡವಾದವು. ಹತ್ತು ಹನ್ನೆರಡು ಕಿಲೋಮೀಟರನ್ನೂ ಮೀರಿ ಬೆಳೆಯುವ ಮೇಘಸ್ತಂಭಗಳು ಹೆಚ್ಚಾಗಿ ಏಳುವುದು ಬಂಗಾಳಕೊಲ್ಲಿಯ ಉತ್ತರಭಾಗದಲ್ಲಿ, ಗಂಗೆಯ ಬಯಲಿನಲ್ಲಿ, ಹಿಮಾಲಯದ ದಕ್ಷಿಣದ ತಪ್ಪಲಿನಲ್ಲಿ. ಎಂದರೆ ಜನ, ದನ, ಒಲೆ, ಕಾರ್ಖಾನೆ, ಗೊಬ್ಬರವುಂಡ ಹೊಲಗಳು ಅತ್ಯಂತ ದಟ್ಟವಾಗಿರುವ ನೆಲದ ಮೇಲೆ ಅಥವಾ ಅದರ ಮಗ್ಗುಲಲ್ಲಿ.

ಮೇಲೇರಿದ ಗಾಳಿಗೆ ಅಲ್ಲೊಂದು ಸೆರೆ ಕಾದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಟಿಬೆಟ್ಟಿನ ಪ್ರಸ್ಥಭೂಮಿಯ ನೆತ್ತಿಯ ಮೇಲೆ, ಪಶ್ಚಿಮ ಏಷ್ಯದಿಂದ ಚೀನದವರೆಗೆ ಹಬ್ಬಿದ ಮಹಾಸುಳಿಯೊಂದು ಪ್ರದಕ್ಷಿಣವಾಗಿ ತಿರುಗುತ್ತಿರುತ್ತದೆ. ಅದರ ದಕ್ಷಿಣದ ಅಂಚಿನಲ್ಲಿ ಪೂರ್ವದಿಂದ ಬೀಸುವ ವೇಗವಾಯುವನ್ನು ನಮ್ಮವರೇ ಆದ ಹವಾವಿಜ್ಞಾನಿ ಪಿ. ಕೋಟೇಶ್ವರಂ ಅವರು 1958ರಲ್ಲಿ ವಿವರಿಸಿದ್ದರು. ಈ ಸುಳಿಯೊಳಗೆ, 13ರಿಂದ 18 ಕಿಲೋಮೀಟರ್ ಎತ್ತರದಲ್ಲಿ, ಅತಿಸೂಕ್ಷ್ಮ ಕಣಗಳ ತೆಳುಪದರವೊಂದು ಮಳೆಗಾಲದಲ್ಲಿ ಮೂಡುತ್ತದೆಂಬುದು ಕ್ಯಾಲಿಪ್ಸೊ ಉಪಗ್ರಹದ ಲೇಸರ್ ಕಿರಣದಿಂದ ತಿಳಿದು, 2011ರಲ್ಲಿ ಪ್ರಕಟವಾಯಿತು.

ಇಷ್ಟೊಂದು ಮಳೆ ಈ ಮಾಲಿನ್ಯವನ್ನು ತೊಳೆದುಬಿಡುವುದಿಲ್ಲವೇ? ಬಹುಭಾಗವನ್ನು ತೊಳೆಯುತ್ತದೆ, ಆದರೆ ಕಾರ್ಬನ್ ಮಾನಾಕ್ಸೈಡಿನಂತೆ ನೀರಿನಲ್ಲಿ ಕರಗಲೊಲ್ಲದ ಅನಿಲಗಳು ತಪ್ಪಿಸಿಕೊಳ್ಳುತ್ತವೆ. ನನ್ನನ್ನು ಬೆರಗುಗೊಳಿಸಿದ್ದು ಅಮೋನಿಯ. ನೀರೆಂದರೆ ಪ್ರಾಣಬಿಡುವ ಈ ಅನಿಲ ಮಳೆಯೊಡನೆ ನೆಲಕ್ಕೇ ಮರಳಬೇಕಿತ್ತು; ಹಾಗಿದ್ದೂ, 2017ರಲ್ಲಿ ಕಠ್ಮಂಡುವಿನಿಂದ ಹಾರಿದ ಜಿಯೋಫಿಸಿಕಾ ಎಂಬ ಸಂಶೋಧನಾ ವಿಮಾನವು ಆ ಎತ್ತರದಲ್ಲಿ ಅಮೋನಿಯಂ ನೈಟ್ರೇಟಿನ ಕಣಗಳನ್ನು ಕಂಡಿತು. ಹನಿಯು ಹೆಪ್ಪುಗಟ್ಟುವಾಗ ತಾನು ಕರಗಿಸಿಕೊಂಡ ಅಮೋನಿಯವನ್ನು ಹೊರದೂಡುತ್ತದೆಂಬುದು ವಿಜ್ಞಾನಿಗಳು ಕೊಡುವ ವಿವರಣೆ. ಬಯಲಿನ ರೈತನು ಪೈರಿಗೆಂದು ಚೆಲ್ಲಿದ ಯೂರಿಯದ ಅಂಶವು ವಿಮಾನಗಳ ದಾರಿಗಿಂತಲೂ ಎತ್ತರದಲ್ಲಿ ಹರಳಾಗಿ ತೇಲುತ್ತಿದೆಯೆಂದಾಯಿತು!

ನೀರಾವಿಯ ಪಾಡು ಬೇರೆ. ಸೊನ್ನೆಗಿಂತ 80 ಡಿಗ್ರಿಯಷ್ಟು ಕೆಳಗಿನ ಆ ಶೈತ್ಯದಲ್ಲಿ ಅದರ ಬಹುಪಾಲು ಹಿಮಕಣವಾಗಿ ಉದುರಿ, ಹತ್ತು ಲಕ್ಷಕ್ಕೆ ಕೆಲವೇ ಭಾಗಗಳಷ್ಟು ಮಾತ್ರ ಸಮೋಷ್ಣಮಂಡಲದ ಬಾಗಿಲನ್ನು ದಾಟುತ್ತದೆ. ಆದರೆ ಆ ಒಣ ಲೋಕದಲ್ಲಿ ಅಷ್ಟು ತೇವವೂ ಭೂಮಿಯ ಶಾಖವನ್ನು ತಡೆಹಿಡಿಯಲು ಸಮರ್ಥವಾದದ್ದು.

ಮಳೆಗಾಲ ಹಿಂದೆಗೆಯುತ್ತಲೇ ಸುಳಿ ಸಡಿಲವಾಗಿ, ನಾಲ್ಕು ತಿಂಗಳು ಒಳಗೆ ಹಿಡಿದಿಟ್ಟ ಗಾಳಿ ಉತ್ತರಾರ್ಧಗೋಳದ ಆಕಾಶದ ತುಂಬ ಚೆದುರಿಹೋಗುತ್ತದೆ.