ಅದೇ ಸೂಜಿ, ಊರಿಗೊಂದು ಸಂಬಳ

ಹೃದಯಾಘಾತ ಹೇಳಿ ಬರುವುದಿಲ್ಲ. ಎದೆ ಹಿಡಿದುಕೊಂಡು ಕುಸಿದವರನ್ನು ಮನೆಯವರು ಹತ್ತಿರದ ಆಸ್ಪತ್ರೆಗೆ ಹೊತ್ತೊಯ್ಯುತ್ತಾರೆ; ಯಾವ ಆಸ್ಪತ್ರೆ ಒಳ್ಳೆಯದು ಎಂದು ವಿಚಾರಿಸಲು ಆಗ ಯಾರಿಗೂ ಪುರುಸೊತ್ತಿರುವುದಿಲ್ಲ. ಅದಕ್ಕೇ ಆಸ್ಪತ್ರೆಯ ಗುಣಮಟ್ಟ ಅಳೆಯಲು ಹೊರಟ ಸಂಶೋಧಕರು, ಹೀಗೆ ತುರ್ತಾಗಿ ಬಂದವರಲ್ಲಿ ಎಷ್ಟು ಮಂದಿ ಉಳಿಯಲಿಲ್ಲ ಎಂಬ ಲೆಕ್ಕವನ್ನು ನೆಚ್ಚುತ್ತಾರೆ. ಅರ್ಥಶಾಸ್ತ್ರಜ್ಞರಾದ ಕ್ಯಾರಲ್ ಪ್ರಾಪರ್ ಮತ್ತು ಜಾನ್ ವಾನ್ ರೀನನ್ ಇಂಗ್ಲೆಂಡಿನ ಆಸ್ಪತ್ರೆಗಳ ಈ ಲೆಕ್ಕವನ್ನು ನರ್ಸುಗಳ ಸಂಬಳದ ಪಕ್ಕದಲ್ಲಿಟ್ಟು ನೋಡಿ, 2010ರಲ್ಲಿ ಪ್ರಕಟಿಸಿದರು.

ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ನರ್ಸಿನ ಸಂಬಳ ದೇಶಕ್ಕೆಲ್ಲ ಹೆಚ್ಚುಕಡಿಮೆ ಒಂದೇ. ಊರುಗಳು ಮಾತ್ರ ಒಂದೇ ಅಲ್ಲ. ಲಂಡನ್ನಿನಲ್ಲಿ ಮನೆ ಬಾಡಿಗೆಯೂ ದುಬಾರಿ, ಬೇರೆ ಕೆಲಸಗಳಿಗೆ ಸಿಗುವ ಸಂಬಳವೂ ಜಾಸ್ತಿ. ಸುತ್ತಮುತ್ತಲ ಬೇರೆ ಕೆಲಸಗಳ ಸಂಬಳ ಶೇ 10ರಷ್ಟು ಹೆಚ್ಚಿದ್ದಲ್ಲಿ, ಹೃದಯಾಘಾತವಾಗಿ ಬಂದವರ ಸಾವಿನ ಪ್ರಮಾಣ ಶೇ 7ರಷ್ಟು ಹೆಚ್ಚಿರುವುದು ಅವರಿಗೆ ಕಂಡಿತು. ಈ ಸಾಲನ್ನು ಮೊದಲು ಓದಿದಾಗ ನಾನು ಪುಟ ತಿರುಗಿಸಲಾಗದೆ ಕೂತಿದ್ದೆ.

ಲಂಡನ್ನಿನ ನರ್ಸುಗಳು ಅಕ್ಕರೆಯಿಲ್ಲದವರು ಎಂದು ಇದರ ಅರ್ಥವಲ್ಲ. ಸಂಬಳ ಸಾಲದ ಊರಿನಲ್ಲಿ ಹುದ್ದೆಗಳು ಖಾಲಿ ಬೀಳುತ್ತವೆ, ಅನುಭವಿಗಳು ಬಿಟ್ಟು ಹೋಗುತ್ತಾರೆ, ಆ ಜಾಗಕ್ಕೆ ಏಜೆನ್ಸಿಯಿಂದ ತಾತ್ಕಾಲಿಕವಾಗಿ ಜನರನ್ನು ಕರೆಸಬೇಕಾಗುತ್ತದೆ. ಹಾಗೆ ಬಂದವರಿಗೆ ಸೂಜಿ ಗೊತ್ತು, ಔಷಧ ಗೊತ್ತು, ಆ ವಾರ್ಡು ಗೊತ್ತಿಲ್ಲ. ತುರ್ತು ಟ್ರಾಲಿ ಯಾವ ಮೂಲೆಯಲ್ಲಿದೆ, ಐದನೇ ಹಾಸಿಗೆಯ ಅಜ್ಜ ನಿನ್ನೆಗಿಂತ ಇವತ್ತು ಮಂಕಾಗಿದ್ದಾರೆಯೇ ಎಂಬುದು ಅಲ್ಲೇ ಬೇರೂರಿದ ಸಿಸ್ಟರ್‌ಗೆ ಕಣ್ಣೋಟದಲ್ಲೇ ತಿಳಿಯುತ್ತದೆ. ಈಗ ಒಳ ಲಂಡನ್ನಿನ ನರ್ಸುಗಳಿಗೆ ಮೂಲ ವೇತನದ ಶೇ 20ರಷ್ಟು ಹೆಚ್ಚುವರಿ ಭತ್ಯೆ ಸಿಗುತ್ತದೆ, ಅದಕ್ಕೂ ಒಂದು ಗರಿಷ್ಠ ಮಿತಿಯಿದೆ.

ಅಮೆರಿಕದ ಕಥೆ ಇದಕ್ಕೆ ತಿರುಗುಮುರುಗು. 2023ರ ಸರ್ಕಾರಿ ಲೆಕ್ಕದಲ್ಲಿ ಕ್ಯಾಲಿಫೋರ್ನಿಯಾದ ನರ್ಸಿನ ಸರಾಸರಿ ವಾರ್ಷಿಕ ಸಂಬಳ 1.37 ಲಕ್ಷ ಡಾಲರ್. ಸೌತ್ ಡಕೋಟಾದಲ್ಲಿ ಹತ್ತಿರಹತ್ತಿರ ಅದರ ಅರ್ಧ. ಜೀವನವೆಚ್ಚದ ಅಂತರ ಒಂದು ಕಾರಣ, ನರ್ಸುಗಳ ಬಲವಾದ ಸಂಘಟನೆ ಇನ್ನೊಂದು. ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಒಂದು ಕಟ್ಟುಪಾಡೂ ಇದೆ: ಒಬ್ಬ ನರ್ಸಿಗೆ ಇಷ್ಟಕ್ಕಿಂತ ಹೆಚ್ಚು ರೋಗಿಗಳನ್ನು ಒಪ್ಪಿಸುವಂತಿಲ್ಲ; ಸಾಮಾನ್ಯ ವಾರ್ಡಿನಲ್ಲಿ ಈಗ ಆ ಮಿತಿ ಐದು. ಇದು ಬರೀ ದುಡಿಯುವವರ ಅನುಕೂಲದ ಮಾತಲ್ಲ. ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳನ್ನು ಪರಿಶೀಲಿಸಿದ ಲಿಂಡಾ ಏಕನ್ ಮತ್ತು ಸಂಗಡಿಗರು, ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತದೆಂದು 2014ರಲ್ಲಿ ತೋರಿಸಿದರು.

ಚಿಕ್ಕ ಊರಿನ ಸಂಬಳ ಏಕೆ ಮೇಲೇಳುವುದಿಲ್ಲ? ಮಂಡ್ಯದ ಕಬ್ಬು ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡಿದ ಕಬ್ಬು ದಿನ ಕಳೆದಂತೆ ಒಣಗಿ ತೂಕ ಇಳಿಯುತ್ತದೆ, ದೂರದ ಕಾರ್ಖಾನೆಗೆ ಸಾಗಿಸಿದರೆ ಲಾರಿ ಬಾಡಿಗೆಯೇ ಲಾಭ ತಿನ್ನುತ್ತದೆ. ಹತ್ತಿರ ಇರುವುದು ಒಂದೇ ಕಾರ್ಖಾನೆಯಾದರೆ, ಸರ್ಕಾರ ಗೊತ್ತುಮಾಡಿದ ಕನಿಷ್ಠ ದರದ ಮೇಲೆ ಅದು ಕೊಟ್ಟದ್ದೇ ದರ. ಕೊಳ್ಳುವವನು ಒಬ್ಬನೇ ಇರುವ ಇಂಥ ಪೇಟೆಗೆ ಕೇಂಬ್ರಿಜ್‌ನ ಜೋನ್ ರಾಬಿನ್ಸನ್ 1933ರಲ್ಲಿ ಮೊನಾಪ್ಸನಿ ಎಂಬ ಹೆಸರನ್ನು ಬಳಕೆಗೆ ತಂದರು. ತಾಲ್ಲೂಕು ಪೇಟೆಯ ನರ್ಸು ಕೂಡ ಕಡಿದಿಟ್ಟ ಕಬ್ಬಿನಂತೆಯೇ. ಮಗುವಿನ ಶಾಲೆ, ಅತ್ತೆಯ ಮಂಡಿನೋವು, ಗಂಡನ ಅಂಗಡಿ ಎಲ್ಲ ಅದೇ ಊರಲ್ಲಿರುವಾಗ ಇನ್ನೂರು ರೂಪಾಯಿ ಹೆಚ್ಚು ಕೊಡುವ ಇನ್ನೊಂದು ಊರು ಲೆಕ್ಕಕ್ಕೆ ಬರುವುದಿಲ್ಲ.

ಅಮೆರಿಕದಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆಗಳು 1991ರಲ್ಲಿ ದೇಶಕ್ಕೆಲ್ಲ ಒಂದೇ ಎಂಬ ವೇತನ ಬಿಟ್ಟು ಆಯಾ ಊರಿನ ದರಕ್ಕೆ ಹೊರಳಿದಾಗ ಇದನ್ನು ಅಳೆಯುವ ಅವಕಾಶ ಒದಗಿತು. ಸಂಬಳ ಶೇ 10 ಏರಿದರೂ ನರ್ಸುಗಳ ಸಂಖ್ಯೆ ಅಲ್ಪಾವಧಿಯಲ್ಲಿ ಏರಿದ್ದು ಶೇ 1ರ ಆಸುಪಾಸು ಎಂದು ಒಂದು ಅಧ್ಯಯನ ಕಂಡುಕೊಂಡಿತು. ಜನ ಅಷ್ಟು ಸುಲಭವಾಗಿ ಕದಲುವುದಿಲ್ಲವೆಂದಾದರೆ, ಕಡಿಮೆ ಕೊಟ್ಟ ಆಸ್ಪತ್ರೆ ಕಳೆದುಕೊಳ್ಳುವುದೂ ಕಡಿಮೆಯೇ. ಆ ಆಸ್ಪತ್ರೆಗಳು ಸಂಬಳ ಬದಲಿಸಿದಾಗ ಅಕ್ಕಪಕ್ಕದ ಆಸ್ಪತ್ರೆಗಳೂ ಬದಲಿಸಿದ್ದು ಇದೇ ಅಧ್ಯಯನದ ಇನ್ನೊಂದು ಅಂಶ.

ನಮ್ಮಲ್ಲಿ ಅಂತರ ಜಿಲ್ಲೆಯಿಂದ ಜಿಲ್ಲೆಗಿಂತ ಗೇಟಿನಿಂದ ಗೇಟಿಗೆ ದೊಡ್ಡದು. ನಿಮ್ಹಾನ್ಸ್‌ನಂಥ ಕೇಂದ್ರ ಸಂಸ್ಥೆಯಲ್ಲಿ ಏಳನೇ ವೇತನ ಆಯೋಗದಂತೆ ನರ್ಸಿಂಗ್ ಆಫೀಸರ್‌ನ ಆರಂಭಿಕ ಮೂಲ ವೇತನವೇ 44,900 ರೂಪಾಯಿ, ಭತ್ಯೆಗಳು ಬೇರೆ. ಅದೇ ಓದು ಓದಿ ಚಿಕ್ಕ ನರ್ಸಿಂಗ್ ಹೋಮ್ ಸೇರಿದವರಿಗೆ ಆ ಅಂಕಿ ಕನಸು. ಸರ್ಕಾರಿ ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ಒಂದೇ ಪಾಳಿ ಮಾಡುವ ಕಾಯಂ ಮತ್ತು ಗುತ್ತಿಗೆ ನರ್ಸುಗಳ ನಡುವೆಯೂ ಈ ಕಂದಕವಿದೆ. ಇದರ ಮೇಲೆ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಬಾಂಡ್ ಬರೆಸಿಕೊಳ್ಳುವ, ಮೂಲ ಅಂಕಪಟ್ಟಿಗಳನ್ನು ಒತ್ತೆ ಇಟ್ಟುಕೊಳ್ಳುವ ರೂಢಿ. ಇದ್ದ ಒಂದು ದಾರಿಯನ್ನೂ ಮುಚ್ಚುವ ಈ ಕ್ರಮವನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ. ಬೆಂಗಳೂರು, ಮಂಗಳೂರಿನಲ್ಲಿ ಓದಿದ ಹುಡುಗಿಯರು ಇಂಗ್ಲಿಷ್ ಪರೀಕ್ಷೆ ಕಟ್ಟಿ ಕೊಲ್ಲಿ ದೇಶಗಳಿಗೋ ಬ್ರಿಟನ್ನಿಗೋ ಹೊರಡುವುದರಲ್ಲಿ ಅಚ್ಚರಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ ಜಗತ್ತಿನ ಶೇ 78ರಷ್ಟು ನರ್ಸುಗಳು ಇರುವುದು ಜನಸಂಖ್ಯೆಯ ಶೇ 49ರಷ್ಟು ಮಂದಿಯ ದೇಶಗಳಲ್ಲಿ.

ಹೊರಡಲಾಗದೆ ಉಳಿದವರ ಪರವಾಗಿ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಸಮಿತಿ ರಚಿಸಲು ಕೇಂದ್ರಕ್ಕೆ ಹೇಳಿತು. ಇನ್ನೂರಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆ ಆಯಾ ರಾಜ್ಯದ ಸರ್ಕಾರಿ ನರ್ಸಿನಷ್ಟೇ ಕೊಡಬೇಕು. ನೂರು ದಾಟಿದ್ದರೆ ಶೇ 10, ಐವತ್ತು ದಾಟಿದ್ದರೆ ಶೇ 25ಕ್ಕಿಂತ ಹೆಚ್ಚು ಕಡಿಮೆಯಾಗಬಾರದು. ಐವತ್ತಕ್ಕಿಂತ ಚಿಕ್ಕದರಲ್ಲೂ ತಿಂಗಳಿಗೆ 20,000 ರೂಪಾಯಿಗೆ ಇಳಿಯಬಾರದು ಎಂದಿತು ಆ ಸಮಿತಿ. ಜಾರಿಯ ಹೊಣೆ ರಾಜ್ಯಗಳದ್ದು. ಕೇರಳದ ನರ್ಸುಗಳು 2017ರಲ್ಲಿ ಮುಷ್ಕರ ಹೂಡಿ, 2018ರ ಏಪ್ರಿಲ್‌ನಲ್ಲಿ 20,000 ರೂಪಾಯಿಯ ಕನಿಷ್ಠ ವೇತನದ ಅಧಿಸೂಚನೆ ಪಡೆದುಕೊಂಡರು.

ಕಬ್ಬಿಗೆ ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೂ ಹೊಸ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ, ಘೋಷಿಸುತ್ತದೆ. ಸಮಿತಿ ಬರೆದ 20,000 ರೂಪಾಯಿ 2016ರದ್ದು.