ಮಣದ ಲೆಕ್ಕದಿಂದ ಕ್ಯಾಲೊರಿ ಲೆಕ್ಕಕ್ಕೆ

ಹುಣಸೆ ಸೌದೆಯ ಕೆಂಡ ನಿಲ್ಲುತ್ತದೆ, ತೆಂಗಿನ ಗರಿ ಭಗ್ಗೆಂದು ಹತ್ತಿ ಅಷ್ಟೇ ಬೇಗ ಬೂದಿಯಾಗುತ್ತದೆ, ಹಸಿ ಸೌದೆ ಬರೀ ಹೊಗೆ. ಒಲೆ ಮುಂದೆ ಕೂತವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಕೊಳ್ಳುವಾಗ ಮಾತ್ರ ಸೌದೆಗೆ ಮಣದ ಲೆಕ್ಕ, ಸೀಮೆಎಣ್ಣೆಗೆ ಲೀಟರ್, ಗ್ಯಾಸಿಗೆ 14.2 ಕೆ.ಜಿ. ನಮಗೆ ಬೇಕಾಗಿದ್ದದ್ದು ಶಾಖ. ಅದನ್ನೇ ಅಳೆದು ಬೆಲೆ ಕಟ್ಟಬಹುದೆಂಬ ಯೋಚನೆ ಪ್ರಯೋಗಾಲಯದಿಂದ ಪೇಟೆಗೆ ಇಳಿಯಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಮೊದಲ ಅಳತೆ ನಡೆದದ್ದು ಮಂಜುಗಡ್ಡೆಯಲ್ಲಿ. 1782–83ರ ಚಳಿಗಾಲದಲ್ಲಿ ಪ್ಯಾರಿಸಿನ ಲಾವೋಸಿಯೆ ಮತ್ತು ಲಾಪ್ಲಾಸ್ ಒಂದರೊಳಗೊಂದು ಕೂರುವ ಮೂರು ಕೋಣೆಗಳ ಪಾತ್ರೆ ಮಾಡಿಸಿದರು. ನಡುವೆ ಉರಿಯುವ ವಸ್ತು, ಸುತ್ತ ಮಂಜುಗಡ್ಡೆ, ಹೊರಗಿನ ಸೆಕೆ ಒಳನುಗ್ಗದಂತೆ ಅದರ ಸುತ್ತ ಮತ್ತೊಂದು ಪದರ ಮಂಜುಗಡ್ಡೆ. ಒಳಗಿನ ಗಡ್ಡೆ ಕರಗಿ ಎಷ್ಟು ನೀರು ಸೋರಿತೋ ಅಷ್ಟು ಶಾಖ. ಒಂದು ಪೌಂಡ್ ಇದ್ದಿಲು ಉರಿದರೆ ಸುಮಾರು 96 ಪೌಂಡ್ ಮಂಜು ಕರಗುತ್ತದೆಂಬ ಲೆಕ್ಕ ಸಿಕ್ಕಿತು. ಇಂದಿನ ಅಳತೆಗೂ ಅದಕ್ಕೂ ದೊಡ್ಡ ಅಂತರವಿಲ್ಲ ಎಂಬುದೇ ಬೆರಗು. ಅದೇ ಪಾತ್ರೆಯಲ್ಲಿ ಒಂದು ಗಿನಿಪಿಗ್ಗನ್ನೂ ಕೂರಿಸಿ, ಉಸಿರಾಟವೂ ಒಂದು ಬಗೆಯ ನಿಧಾನದ ಉರಿಯೇ ಎಂದು ತೋರಿಸಿದರು. ಒಂದೇ ತೊಂದರೆ, ಈ ಪ್ರಯೋಗಕ್ಕೆ ಚಳಿಗಾಲವೇ ಬೇಕು.

ಮಂಜಿನ ಜಾಗಕ್ಕೆ ನೀರು ಬಂತು, ಕರಗಿದ್ದನ್ನು ತೂಗುವ ಬದಲು ಥರ್ಮಾಮೀಟರ್ ನೋಡಿದರಾಯಿತು. ಆದರೂ ಹೊಗೆಯಲ್ಲಿ ಹೋದ ಶಾಖ, ಅರೆಬೆಂದು ಉಳಿದ ಮಸಿ ಲೆಕ್ಕವನ್ನು ಕೆಡಿಸುತ್ತಲೇ ಇದ್ದವು. ಇದಕ್ಕೆ ಮದ್ದು ಕಂಡುಕೊಂಡವರು ಸ್ಫೋಟಕಗಳನ್ನು ಅಭ್ಯಾಸ ಮಾಡುತ್ತಿದ್ದ ಫ್ರೆಂಚ್ ರಸಾಯನಶಾಸ್ತ್ರಜ್ಞ ಬರ್ತೆಲೋ. 1880ರ ದಶಕದಲ್ಲಿ ಅವರು ಗಟ್ಟಿ ಗೋಡೆಯ ಉಕ್ಕಿನ ಪಾತ್ರೆಯೊಳಗೆ ಆಮ್ಲಜನಕ ಒತ್ತಿ ತುಂಬಿ, ಹೊಗೆ ಹೊರಹೋಗಲು ದಾರಿಯೇ ಇಲ್ಲದಂತೆ ಮುಚ್ಚಿ ಉರಿಸಿದರು. ಇದೇ ಬಾಂಬ್ ಕ್ಯಾಲೊರಿಮೀಟರ್. ಒಳಗೆ ಪ್ಲಾಟಿನಂ ಲೇಪವಿದ್ದ ಅದನ್ನು ಕೊಳ್ಳುವ ಶಕ್ತಿ ಕಾರ್ಖಾನೆಗಳಿಗೆಲ್ಲಿಂದ ಬರಬೇಕು? 1892ರಲ್ಲಿ ಮಾಲೆರ್ ಎಂಬ ಎಂಜಿನಿಯರ್ ಪ್ಲಾಟಿನಂ ಬದಲು ಎನಾಮೆಲ್ ಬಳಿದು ಬೆಲೆ ಇಳಿಸಿದರು.

ಇಂದಿಗೂ ಕ್ರಮ ಅದೇ. ಒಂದು ಗ್ರಾಂ ಕಲ್ಲಿದ್ದಲ ಪುಡಿಯನ್ನು ಒತ್ತಿ ಬಿಲ್ಲೆ ಮಾಡಿ ಮೂಸೆಯಲ್ಲಿಟ್ಟು, 30 ವಾತಾವರಣದಷ್ಟು ಒತ್ತಡದ ಆಮ್ಲಜನಕ ತುಂಬಿ, ಎರಡು ಲೀಟರ್ ನೀರಿನಲ್ಲಿ ಮುಳುಗಿಸಿ, ಸಣ್ಣ ತಂತಿಗೆ ವಿದ್ಯುತ್ ಹರಿಸಿ ಹೊತ್ತಿಸುತ್ತಾರೆ. ನೀರು ಬಿಸಿಯಾಗುವುದು ಎರಡು ಮೂರು ಡಿಗ್ರಿ ಮಾತ್ರ. ಹಾಗಾಗಿ ಡಿಗ್ರಿಯ ಸಾವಿರದ ಒಂದು ಪಾಲನ್ನೂ ಓದಬಲ್ಲ ಥರ್ಮಾಮೀಟರ್ ಬೇಕು. ಉಪಕರಣ ಸರಿಯಿದೆಯೇ ಎಂದು ನೋಡಲು ಬೆಂಜೋಯಿಕ್ ಆಮ್ಲ ಉರಿಸುತ್ತಾರೆ. ಅದರ ಗ್ರಾಂಗೆ 26.4 ಕಿಲೋಜೂಲ್ ಬರಲೇಬೇಕು.

ಪೇಟೆ ಬದಲಾದದ್ದು ಲಂಡನ್ನಿನಲ್ಲಿ, ಅದೂ ಒಂದು ಬಟ್ಟೆಯ ಬಲೆಯಿಂದ. ಬೀದಿದೀಪಕ್ಕೆಂದು ಬಂದ ಕಲ್ಲಿದ್ದಲ ಅನಿಲದ ಗುಣವನ್ನು ಆಗ ಅಳೆಯುತ್ತಿದ್ದದ್ದು ಮೇಣದಬತ್ತಿಯ ಬೆಳಕಿಗೆ ಹೋಲಿಸಿ. 1885ರಲ್ಲಿ ಆಸ್ಟ್ರಿಯಾದ ವೆಲ್ಸ್‌ಬಾಖ್ ಮ್ಯಾಂಟಲ್ ರೂಪಿಸಿದರು. ನಮ್ಮ ಮದುವೆ, ಬಯಲಾಟಗಳಲ್ಲಿ ಸುಯ್ಯೆನ್ನುತ್ತಿದ್ದ ಪೆಟ್ರೋಮ್ಯಾಕ್ಸಿಗೆ ಕಟ್ಟುತ್ತಿದ್ದುದೂ ಅಂಥದೇ ಬಲೆ. ಬೆಳಕು ಬಲೆಯದ್ದು, ಅನಿಲ ಅದನ್ನು ಕಾಯಿಸಿದರೆ ಸಾಕು. ಮೇಣದಬತ್ತಿಯ ಲೆಕ್ಕ ಅರ್ಥ ಕಳೆದುಕೊಂಡಿತು. ಜರ್ಮನಿಯಲ್ಲಿ ಯೂಂಕರ್ಸ್ (ಮುಂದೆ ವಿಮಾನಗಳಿಂದ ಹೆಸರಾದವರೇ), ಲಂಡನ್ನಿನಲ್ಲಿ ಬಾಯ್ಸ್ ಅನಿಲದ ಶಾಖ ಅಳೆಯುವ ಕ್ಯಾಲೊರಿಮೀಟರ್ ಮಾಡಿದರು. 1920ರ ಬ್ರಿಟಿಷ್ ಕಾಯ್ದೆ ಅನಿಲವನ್ನು ‘ಥರ್ಮ್’ ಎಂಬ ಶಾಖದ ಅಳತೆಯಲ್ಲಿ ಮಾರುವ ದಾರಿ ತೆರೆಯಿತು.

ನಾವು ತಡವಾದೆವು. ಬಾಂಬ್ ಕ್ಯಾಲೊರಿಮೀಟರ್ ಕಾಲೇಜುಗಳಲ್ಲೂ ಇದ್ದ ಕಾಲದಲ್ಲಿ ಭಾರತದ ಉಷ್ಣಸ್ಥಾವರಗಳಿಗೆ ಹೋಗುವ ಕಲ್ಲಿದ್ದಲಿನ ದರ್ಜೆ ನಿಂತದ್ದು ಒಂದು ಸೂತ್ರದ ಮೇಲೆ: ಬೂದಿ ಮತ್ತು ತೇವದ ಶೇಕಡಾವಾರನ್ನು ಕೂಡಿ, 138ರಿಂದ ಗುಣಿಸಿ, 8,900ರಿಂದ ಕಳೆಯುವುದು. ಉರಿಸಿ ನೋಡುವ ಗೋಜೇ ಇಲ್ಲ. ದರ್ಜೆಗಳೂ ಅಗಲ, ‘ಎಫ್’ ಎಂದರೆ ಕಿಲೋಗೆ 2,400ರಿಂದ 3,360 ಕಿಲೋಕ್ಯಾಲೊರಿ, ಎರಡು ತುದಿಗೂ ಒಂದೇ ದರ್ಜೆ. ಕೆಳತುದಿಯ ಸರಕು ಯಾರ ಪಾಲಿಗೆ ಬರುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ. 2012ರ ಜನವರಿ 1ರಿಂದ ಜಿಸಿವಿ, ಅಂದರೆ ಉರಿಸಿ ಅಳೆದ ಒಟ್ಟು ಶಾಖ, ಆಧಾರವಾಯಿತು. 7,000ಕ್ಕೂ ಮೇಲಿನದು ಜಿ1, ಅಲ್ಲಿಂದ 300ರ ಮೆಟ್ಟಿಲುಗಳಲ್ಲಿ ಜಿ17ರ ತನಕ.

ಈ ಒಟ್ಟು ಶಾಖವೂ ಪೂರ್ತಿ ಕೈಗೆ ಸಿಗುವುದಿಲ್ಲ. ಬಾಂಬಿನೊಳಗೆ ಉರಿಯಿಂದ ಹುಟ್ಟಿದ ನೀರಾವಿ ತಣಿದು ತನ್ನ ಶಾಖ ಮರಳಿಸುತ್ತದೆ, ಬಾಯ್ಲರಿನಲ್ಲಿ ಅದು ಚಿಮಣಿಯ ಪಾಲು. ಜಲಜನಕದಲ್ಲಿ ಈ ಅಂತರ ದೊಡ್ಡದು: ಕಿಲೋಗೆ 142 ಮೆಗಾಜೂಲ್ ಎಂದದ್ದು 120ಕ್ಕೆ ಇಳಿಯುತ್ತದೆ.

ಉಪಕರಣದ ಬಗ್ಗೆ ಈಗ ಜಗಳವಿಲ್ಲ. ಜಗಳವೆಲ್ಲ ಆ ಒಂದು ಗ್ರಾಮಿನದು. ರಾಯಚೂರಿನ ಶಕ್ತಿನಗರದ ಉಷ್ಣಸ್ಥಾವರಕ್ಕೆ ಸಿಂಗರೇಣಿ ಗಣಿಗಳಿಂದ ಬರುವ ಒಂದು ರೇಕಿನಲ್ಲಿ, ಅಂದರೆ ಒಂದು ಗೂಡ್ಸ್ ರೈಲಿನಲ್ಲಿ, ಸಾವಿರಾರು ಟನ್ ಇರುತ್ತದೆ. ಯಾವ ವ್ಯಾಗನ್ನಿನ ಯಾವ ಮೂಲೆಯಿಂದ ಮಾದರಿ ಎತ್ತಿದರೆಂಬುದರ ಮೇಲೆ ದರ್ಜೆ, ದರ್ಜೆಯ ಮೇಲೆ ದರ. ಕೊನೆಗೆ ಅದು ಬಂದು ಕೂರುವುದು ನಮ್ಮ ಕರೆಂಟ್ ಬಿಲ್ಲಿನ ಇಂಧನ ವೆಚ್ಚದಲ್ಲಿ. ವಿದ್ಯುತ್ ದರ ಪರಿಷ್ಕರಣೆಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ (ಕೆಇಆರ್‌ಸಿ) ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿಗೆ ಹೋಗುವವರು ಯೂನಿಟ್ ದರದ ಜೊತೆಗೆ ಇದನ್ನೂ ಕೇಳಲಿ: ಗಣಿಯಲ್ಲಿ ಅಳೆದ ಜಿಸಿವಿ ಎಷ್ಟಿತ್ತು, ಸ್ಥಾವರದಲ್ಲಿ ಇಳಿಸಿಕೊಂಡಾಗ ಎಷ್ಟಾಗಿತ್ತು?