ರೆಕ್ಕೆಗೆ ಮೊದಲು ಲೆಕ್ಕ

ಕೂಡಲಸಂಗಮದಲ್ಲಿ ಚಿತ್ರೀಕರಣಕ್ಕೆ ಹೋಗಿದ್ದಾಗ ನಡೆದ ಒಂದು ಮಾತುಕತೆಯಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಕೃಷ್ಣೆ, ಮಲಪ್ರಭೆಯರು ಕೂಡುವ ದಂಡೆಯಲ್ಲಿ ಕ್ಯಾಮೆರಾ ನಿಲ್ಲಿಸಿ ಬಿಸಿಲು ಇಳಿಯಲೆಂದು ಕಾಯುತ್ತಿದ್ದೆವು. ಹತ್ತಿರ ಬಂದ ರೈತರೊಬ್ಬರು ಸ್ವಲ್ಪ ಹೊತ್ತು ನೋಡುತ್ತ ನಿಂತು, "ಸಾಹೇಬ್ರ, ನನ್ನ ಮಗಾ ಪೈಲಟ್ ಆಗ್ತೀನಂತಾನ್ರೀ. ನಾಕು ಎಕರೆ ಹೊಲ ಐತಿ. ಬ್ಯಾಂಕಿಗೆ ಇಟ್ರ ಸಾಲ್ತೈತೇನ್ರೀ?" ಎಂದು ಕೇಳಿದರು. ಮಗ ಆಗಷ್ಟೇ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿ ಮುಗಿಸಿದ್ದ.

ಅಂದು ಅವರಿಗೆ ಚುಟುಕಾಗಿ ಹೇಳಿದ್ದನ್ನು ಇಲ್ಲಿ ನಿಮಗಾಗಿ ಬಿಡಿಸಿ ಹೇಳುತ್ತೇನೆ. ತರಬೇತಿಗೆ ಎಷ್ಟು ಖರ್ಚಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಲೈಸೆನ್ಸ್ ಕೈಗೆ ಬಂದ ಮೇಲೆ ಕೆಲಸ ಸಿಗುವವರೆಗೆ ಎಷ್ಟು ಖರ್ಚಾಗುತ್ತದೆ ಎಂದು ಕೇಳುವವರು ಕಡಿಮೆ. ಮನೆತನಗಳು ಸೋಲುವುದು ಈ ಎರಡನೆಯ ಖರ್ಚಿನಲ್ಲಿ.

ಒಂದು ಗಂಟೆಯ ಬೆಲೆ

ನಮ್ಮ ದೇಶದಲ್ಲಿ ಪೈಲಟ್‌ಗಳಿಗೆ ಲೈಸೆನ್ಸ್ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆಯಲು 200 ಗಂಟೆಗಳ ಹಾರಾಟ ಬೇಕು. ಇದರಲ್ಲಿ ರಾತ್ರಿ ಹಾರಾಟವೂ, ದೂರದ ಊರುಗಳಿಗೆ ಹೋಗಿ ಇಳಿದು ಬರುವ ಹಾರಾಟವೂ ಸೇರಿರಬೇಕು. ಜೊತೆಗೆ ವಾಯುನಿಯಮ, ದಿಕ್ಕು ನಿರ್ಣಯ, ಹವಾಮಾನ ಶಾಸ್ತ್ರ ಮುಂತಾದ ವಿಷಯಗಳ ಪರೀಕ್ಷೆಗಳಿವೆ.

ಹಾರಾಟದ ಒಂದು ಗಂಟೆ ಏಕೆ ಅಷ್ಟು ದುಬಾರಿ? ತರಬೇತಿಗೆ ಬಳಸುವ ಸೆಸ್ನಾದಂಥ ಪುಟ್ಟ ವಿಮಾನಕ್ಕೆ ಜೆಟ್ ವಿಮಾನದ ಸೀಮೆಎಣ್ಣೆಯಂಥ ಇಂಧನ ಆಗುವುದಿಲ್ಲ. ಅದಕ್ಕೆ ಸೀಸ ಬೆರೆತ ವಿಶೇಷ ಪೆಟ್ರೋಲು ಬೇಕು. ಇದನ್ನು ಬಹುಕಾಲ ಹೊರದೇಶದಿಂದಲೇ ತರಿಸುತ್ತಿದ್ದೆವು. 2022ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ನಮ್ಮಲ್ಲೇ ತಯಾರಿಸಿ ಮಾರುಕಟ್ಟೆಗೆ ತಂದಿತು. ಇಂಥ ವಿಮಾನ ಗಂಟೆಗೆ ಮೂವತ್ತು ಲೀಟರಿಗೂ ಹೆಚ್ಚು ಇಂಧನ ಕುಡಿಯುತ್ತದೆ. ಇನ್ನು ಎಂಜಿನ್. ಸುಮಾರು 2000 ಗಂಟೆ ಓಡಿದ ಮೇಲೆ ಅದನ್ನು ಪೂರ್ತಿ ಬಿಚ್ಚಿ ಹೊಸದು ಮಾಡಬೇಕು. ಆ ಖರ್ಚಿನ ಪಾಲು ಪ್ರತಿ ಗಂಟೆಯ ಮೇಲೂ ಬೀಳುತ್ತದೆ. ಶಿಕ್ಷಕರ ಸಂಬಳ, ವಿಮೆ, ನಿಲ್ದಾಣದ ಶುಲ್ಕ ಬೇರೆ.

ಗಂಟೆಗೆ ಹದಿನೈದು ಸಾವಿರ ಎಂದಿಟ್ಟುಕೊಂಡರೂ ಹಾರಾಟಕ್ಕೇ ಮೂವತ್ತು ಲಕ್ಷವಾಯಿತು. ವಸತಿ, ಪಾಠ, ಪರೀಕ್ಷೆ ಎಲ್ಲ ಸೇರಿ ಇಂದು ನಲವತ್ತರಿಂದ ಅರವತ್ತು ಲಕ್ಷದವರೆಗೂ ಏರುತ್ತದೆ.

ಲೈಸೆನ್ಸ್ ಇದ್ದರೆ ಕೆಲಸವೇ?

ಅಲ್ಲ. 200 ಗಂಟೆ ಹಾರಿದವನಿಗೆ ಹುಬ್ಬಳ್ಳಿಗೋ ಬೆಳಗಾವಿಗೋ ಬರುವ ಪ್ರಯಾಣಿಕ ವಿಮಾನವನ್ನು ಕೂಡಲೇ ಒಪ್ಪಿಸುವುದಿಲ್ಲ. ಏರ್‌ಬಸ್ 320, ಬೋಯಿಂಗ್ 737, ಎಟಿಆರ್ ಹೀಗೆ ಪ್ರತಿ ಮಾದರಿಯ ವಿಮಾನಕ್ಕೂ ಪ್ರತ್ಯೇಕ ತರಬೇತಿ ಬೇಕು. ಇದಕ್ಕೆ ಟೈಪ್ ರೇಟಿಂಗ್ ಎನ್ನುತ್ತಾರೆ. ನೆಲದ ಮೇಲೇ ನಿಂತು ವಿಮಾನದಂತೆ ಓಲಾಡುವ ಸಿಮ್ಯುಲೇಟರ್ ಯಂತ್ರದಲ್ಲಿ ಇದು ನಡೆಯುತ್ತದೆ. ಕೆಲವೇ ವಾರಗಳ ಈ ತರಬೇತಿಗೆ ಹದಿನೈದು ಇಪ್ಪತ್ತು ಲಕ್ಷ ಬೇಕಾಗಬಹುದು. ಒಂದು ಮಾದರಿಗೆ ಪಡೆದದ್ದು ಇನ್ನೊಂದಕ್ಕೆ ನಡೆಯುವುದಿಲ್ಲ.

ಕೆಲಸವಿಲ್ಲದೆ ಕಾಯುವವನಿಗೂ ಖರ್ಚು ನಿಲ್ಲುವುದಿಲ್ಲ. ವೈದ್ಯಕೀಯ ತಪಾಸಣೆ ಪ್ರತಿ ವರ್ಷ ಆಗಬೇಕು. ಮೋಡ, ಮಂಜಿನಲ್ಲಿ ಉಪಕರಣಗಳನ್ನೇ ನಂಬಿ ಹಾರುವ ಅರ್ಹತೆಯನ್ನು ವರ್ಷಕ್ಕೊಮ್ಮೆ ಹಾರಾಟ ಪರೀಕ್ಷೆ ಕೊಟ್ಟು ನವೀಕರಿಸಬೇಕು. ಬಿ.ಎಸ್‌ಸಿ. ಪದವಿಯನ್ನು ಪೆಟ್ಟಿಗೆಯಲ್ಲಿಟ್ಟು ಹತ್ತು ವರ್ಷ ಬಿಟ್ಟು ತೆಗೆದರೂ ಅದು ಪದವಿಯೇ. ಪೈಲಟ್ ಲೈಸೆನ್ಸ್ ಹಾಗಲ್ಲ. ದುಡ್ಡು ಹಾಕಿ ಜೀವಂತ ಇಟ್ಟುಕೊಳ್ಳಬೇಕು.

ಬ್ಯಾಂಕಿನ ಲೆಕ್ಕ

ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತಾರೆ. ಹೊಲವನ್ನು ಭದ್ರತೆಯಾಗಿ ಪಡೆಯಲು ಹಲವು ಬ್ಯಾಂಕುಗಳು ಹಿಂಜರಿಯುತ್ತವೆ. ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆಯೇ ಆಸ್ತಿಯನ್ನು ವಶಪಡಿಸಿಕೊಳ್ಳುವ ಅಧಿಕಾರ ಕೊಡುವ 2002ರ ಕಾಯಿದೆ ಕೃಷಿ ಭೂಮಿಗೆ ಅನ್ವಯಿಸದಿರುವುದು ಇದಕ್ಕೊಂದು ಕಾರಣ. ಹಾಗಾಗಿ ಬ್ಯಾಂಕಿನವರು ಮನೆ, ನಿವೇಶನ ಕೇಳುತ್ತಾರೆ. ಅದಿಲ್ಲದವರು ಹೊಲ ಮಾರುತ್ತಾರೆ, ಇಲ್ಲವೆ ಕೈಸಾಲಕ್ಕೆ ಇಳಿಯುತ್ತಾರೆ.

ಒಂದು ಉದಾಹರಣೆ ನೋಡೋಣ. ಐವತ್ತು ಲಕ್ಷ ಸಾಲ, ಬಡ್ಡಿ ಶೇಕಡಾ 10. ಎರಡು ವರ್ಷದ ತರಬೇತಿಯಲ್ಲಿ ಹಣ ಕಂತುಕಂತಾಗಿ ಬರುವುದರಿಂದ ಬಡ್ಡಿ ಸುಮಾರು ಐದು ಲಕ್ಷ. ಆಮೇಲೆ ಒಂದು ವರ್ಷ ಕಂತು ಕಟ್ಟದೆ ಇರಲು ಅವಕಾಶ ಕೊಟ್ಟರೆ ಇನ್ನೈದು ಲಕ್ಷ. ಅಲ್ಲಿಗೆ ಅರವತ್ತು ಲಕ್ಷ. ಇದನ್ನು ಹದಿನೈದು ವರ್ಷದಲ್ಲಿ ತೀರಿಸಲು ತಿಂಗಳಿಗೆ 64,000 ರೂಪಾಯಿಗೂ ಹೆಚ್ಚು ಕಟ್ಟಬೇಕು. ಮಗನಿಗೆ ಕೆಲಸ ಸಿಕ್ಕಿದೆಯೋ ಇಲ್ಲವೋ ಎಂದು ಈ ಕಂತು ನೋಡುವುದಿಲ್ಲ. ಟೈಪ್ ರೇಟಿಂಗ್ ಖರ್ಚು ಇದರಲ್ಲಿ ಸೇರಿಲ್ಲ.

ಒಂದೇ ಸಲ ಬರುವ ಹಣದ ಗುಣ ಈ ಭಾಗದವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ನಾರಾಯಣಪುರದ ಹಿನ್ನೀರು ಸಂಗಮದವರೆಗೂ ನಿಲ್ಲುತ್ತದೆ. ಬಸವಣ್ಣನವರ ಐಕ್ಯಮಂಟಪವನ್ನೇ ಸುತ್ತ ಬಾವಿಯಂತೆ ಗೋಡೆ ಕಟ್ಟಿ ಉಳಿಸಬೇಕಾಯಿತು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಎಷ್ಟೋ ಭಾಗ ಹೋಯಿತು. ಮುಳುಗಡೆ ಪರಿಹಾರ ಒಂದು ಸಲ ಬರುತ್ತದೆ, ಕರಗಿದರೆ ಮತ್ತೆ ಬರುವುದಿಲ್ಲ. ಹೊಲ ಮಾರಿದ ಹಣವೂ ಹಾಗೆಯೇ.

ಕಂಪನಿಯೇ ನಿಂತರೆ?

ಕೆಲಸ ಸಿಕ್ಕ ಮೇಲಾದರೂ ನಿಶ್ಚಿಂತೆಯೇ? ತೊಂಬತ್ತರ ದಶಕದಲ್ಲಿ ಖಾಸಗಿಯವರಿಗೆ ಆಕಾಶ ತೆರೆದಾಗ ಬಂದ ಈಸ್ಟ್ ವೆಸ್ಟ್, ಮೋದಿಲುಫ್ತ್, ದಮಾನಿಯಾ ಕಂಪನಿಗಳು ಆ ದಶಕ ಮುಗಿಯುವ ಮೊದಲೇ ಮರೆಯಾದವು. 2003ರಲ್ಲಿ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು ಬೆಂಗಳೂರಿನಿಂದ ಏರ್ ಡೆಕ್ಕನ್ ಆರಂಭಿಸಿದರು. ಸಾಮಾನ್ಯರೂ ವಿಮಾನ ಹತ್ತಿದರು, ಪೈಲಟ್‌ಗಳಿಗೆ ಬೇಡಿಕೆ ಏರಿತು. ಅದನ್ನು ನೋಡಿ ಸಾವಿರಾರು ಮಕ್ಕಳು ಸಾಲ ಮಾಡಿ ತರಬೇತಿಗೆ ಹೋದರು. ಅವರು ಲೈಸೆನ್ಸ್ ಹಿಡಿದು ಬರುವ ಹೊತ್ತಿಗೆ 2008ರ ಆರ್ಥಿಕ ಹಿಂಜರಿತ ಬಂದಿತ್ತು, ನೇಮಕಾತಿ ನಿಂತಿತ್ತು. ಏರ್ ಡೆಕ್ಕನ್ ಅನ್ನು ಕೊಂಡ ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದವು. ಕಿಂಗ್‌ಫಿಷರ್ ಮತ್ತು ಜೆಟ್ ನಿಲ್ಲುವ ಮೊದಲು ಪೈಲಟ್‌ಗಳಿಗೆ ತಿಂಗಳುಗಟ್ಟಲೆ ಸಂಬಳ ಬಂದಿರಲಿಲ್ಲ.

2023ರಲ್ಲಿ ಇಂಡಿಗೋ 500, ಏರ್ ಇಂಡಿಯಾ 470 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದವಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಅವು ಒಂದೇ ದಿನ ಬರುವುದಿಲ್ಲ, ಹಲವು ವರ್ಷಗಳಲ್ಲಿ ಬರುತ್ತವೆ. ಕ್ಯಾಪ್ಟನ್ ಆಗಲು ಬೇಕಾದ ಮೇಲಿನ ಲೈಸೆನ್ಸಿಗೆ 1500 ಗಂಟೆಗಳ ಅನುಭವ ಬೇಕು. ಪೈಲಟ್ ಕೊರತೆ ಎಂಬ ಸುದ್ದಿ ಬಂದಾಗ ಅನುಭವಿಗಳ ಕೊರತೆಯೋ ಹೊಸಬರ ಕೊರತೆಯೋ ಎಂದು ವಿಚಾರಿಸಿ ನೋಡಿ.

ಹಾಗಾದರೆ ಏನು ಮಾಡಬೇಕು?

ಮಕ್ಕಳ ಆಸೆಯನ್ನು ಚಿವುಟಿ ಎಂದು ನಾನು ಹೇಳುವುದಿಲ್ಲ. ಕ್ರಮ ತಪ್ಪಬೇಡಿ ಎನ್ನುತ್ತೇನೆ.

ಮೊದಲು ಡಿಜಿಸಿಎ ಮಾನ್ಯತೆಯುಳ್ಳ ವೈದ್ಯರಿಂದ ತಪಾಸಣೆ ಮಾಡಿಸಿ. ಕಣ್ಣು, ಕಿವಿ, ಹೃದಯದಲ್ಲಿ ದೋಷವಿದ್ದರೆ ಶುಲ್ಕ ಕಟ್ಟುವ ಮೊದಲೇ ತಿಳಿಯಲಿ. ಆಮೇಲೆ ಲಿಖಿತ ಪರೀಕ್ಷೆಗಳು. ಇವುಗಳ ಖರ್ಚು ಹಾರಾಟದ ಖರ್ಚಿಗೆ ಹೋಲಿಸಿದರೆ ಅತಿ ಕಡಿಮೆ. ಇವನ್ನು ದಾಟಿದ ಮೇಲೆ ಹಾರಾಟಕ್ಕೆ ದುಡ್ಡು ಹಾಕಿ. ತರಬೇತಿ ಶಾಲೆಯಲ್ಲಿ ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಶಿಕ್ಷಕರೆಷ್ಟು, ಹಿಂದಿನ ತಂಡಕ್ಕೆ 200 ಗಂಟೆ ಮುಗಿಸಲು ಎಷ್ಟು ತಿಂಗಳು ಹಿಡಿಯಿತು ಎಂದು ಕೇಳಿ. ಪೂರ್ತಿ ಶುಲ್ಕ ಒಮ್ಮೆಗೇ ಕಟ್ಟದೆ, ಹಾರಿದ ಗಂಟೆಗೆ ತಕ್ಕಂತೆ ಕಟ್ಟುವ ಏರ್ಪಾಡು ಕೇಳಿ. ಜೊತೆಗೆ ಅಂಚೆ ಮೂಲಕವಾದರೂ ಒಂದು ಪದವಿ ಇರಲಿ. ತರಬೇತಿಯ ಲೆಕ್ಕ ಹಾಕುವಾಗ ಟೈಪ್ ರೇಟಿಂಗ್ ಹಾಗೂ ಎರಡು ಮೂರು ವರ್ಷ ಕಾಯುವ ಖರ್ಚನ್ನೂ ಸೇರಿಸಿ.

ಸರ್ಕಾರವೇ ಖರ್ಚು ಭರಿಸುವ ದಾರಿಯೂ ಇದೆ. ಅದು ವಾಯುಸೇನೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಎನ್‌ಡಿಎ ಪರೀಕ್ಷೆ ಬರೆಯಬಹುದು. 2021ರಿಂದ ಹೆಣ್ಣುಮಕ್ಕಳಿಗೂ ಈ ಅವಕಾಶವಿದೆ. ನಿಮ್ಮ ಮಕ್ಕಳು ಇನ್ನೂ ಚಿಕ್ಕವರಾಗಿದ್ದರೆ, 1963ರಲ್ಲಿ ವಿಜಯಪುರದಲ್ಲಿ ಆರಂಭವಾದ ಸೈನಿಕ ಶಾಲೆ ಈ ಭಾಗದವರಿಗೆ ಹತ್ತಿರದಲ್ಲೇ ಇದೆ. ಆಯ್ಕೆ ಕಠಿಣ, ನಿಜ. ಆದರೆ ಸೋತರೆ ಹೊಲ ಹೋಗುವುದಿಲ್ಲ.

ಸಂಗಮದ ದಂಡೆಯಲ್ಲಿ ನಾನು ಹೇಳಿದ್ದನ್ನೆಲ್ಲ ಆ ರೈತರು ತಾಳ್ಮೆಯಿಂದ ಕೇಳಿದರು. "ಹಂಗಾದ್ರ ಮೊದಲ ಹುಡುಗನ ಕಣ್ಣು ತೋರಸ್ತೇವ್ರೀ. ಹೊಲದ ಮಾತು ಆಮ್ಯಾಲ," ಎಂದು ಹೇಳಿ ಹೊರಟರು. ಎಲ್ಲಿಂದ ಆರಂಭಿಸಬೇಕೆಂದು ಅವರಿಗೆ ತಿಳಿದಿತ್ತು.